ಫೋಟೋಗೆಂದು ಬಿಚ್ಚಿದ ಜಾಲರಿ

ಹಾಸನದಲ್ಲಿ ನನ್ನ ಜೊತೆ ಎಂ.ಕಾಂ. ಓದಿದ ಗೆಳತಿ ಸರ್ಕಾರದ ಸಹಾಯಧನದಲ್ಲಿ ಹೊಳೆನರಸೀಪುರದಲ್ಲಿ ಖಾರದಪುಡಿ ಮಿಲ್ಲು ಹಾಕಿದಳು. ಅರ್ಜಿ, ಕಚೇರಿ ಅಲೆದಾಟ ನನ್ನ ಪಾಲು. ಮೆಷಿನ್ನು ಅವಳ ಪಾಲು. ಹಳೇಕೋಟೆ ಕಡೆಯ ಹೆಂಗಸರು ಮೆಣಸಿನಕಾಯಿ ಚೀಲ ಇಳಿಸಿ ಕೆಣಕುತ್ತಿದ್ದರು: "ಇಷ್ಟೋದಿ ಖಾರ ಕುಟ್ತಾ ಕುಂತಿದ್ದೀಯಲ್ಲವ್ವಾ."

"ಓದಿರೋದ್ಕೇ ಕಣತ್ತೆ, ಸೀನೋದೂ ಇಂಗ್ಲಿಷ್‌ನಲ್ಲೇ ಸೀನ್ತೀನಿ," ಎನ್ನುತ್ತಿದ್ದಳು ಅವಳು.

ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಲ್ಲಿ ರುಜುವಾತಾಗಬೇಕಿತ್ತು. ಇಲ್ಲದಿದ್ದರೆ ಮಂಜೂರಾತಿ ರದ್ದು, ಮೆಷಿನ್ನೂ ಹೋಗುತ್ತಿತ್ತು. ಅವಳು, ಯೋಜನೆಯ ಬೋರ್ಡು, ಮೋಟಾರಿನ ನಂಬರು ಮೂರೂ ಒಂದೇ ಫೋಟೋದಲ್ಲಿ ಬರಬೇಕು. ನಂಬರಿದ್ದದ್ದು ಯಾರ ಕೈಯೂ ಸಿಕ್ಕದಿರಲೆಂದು ಬೆಲ್ಟಿಗೆ ಹಾಕಿದ್ದ ಕಬ್ಬಿಣದ ಜಾಲರಿಯ ಹಿಂದೆ.

"ಅದನ್ನ ಬಿಚ್ಚಿ. ಮೆಷಿನ್ ಓಡ್ತಾನೂ ಇರ್ಬೇಕು," ಎಂದರು ಬಂದಿದ್ದ ಅಧಿಕಾರಿ.

ನಾನೇ ಬಿಚ್ಚಿದೆ. ನಾಲ್ಕು ಬೋಲ್ಟು. ದಿನವೂ ಚೂಡಿದಾರದ ಮೇಲೆ ಹಳೇ ಅಂಗಿ ತೊಟ್ಟು ದುಡಿಯುವವಳು ಅಂದು ಫೋಟೋಗೆಂದು ರೇಷ್ಮೆ ಸೀರೆ ಉಟ್ಟಿದ್ದಳು.

"ಒಂಚೂರು ಹಿಂದಕ್ಕೆ ಸರಿಯೇ, ಬೋರ್ಡು ಮುಚ್ಕೊಂಡಿದ್ದೀಯ," ಎಂದೆ, ಮೊಬೈಲು ಹಿಡಿದು.

ಸರಿದಳು. ಸೆರಗನ್ನು ಬೆಲ್ಟು ಎಳೆದುಕೊಂಡಿತು. ಬಿಡಿಸಿಕೊಳ್ಳಲು ಬಲಗೈ ಹಾಕಿದಳು. ಮುಂದಿನದನ್ನೆಲ್ಲ ನಾನು ಮೊಬೈಲಿನ ಪರದೆಯಲ್ಲಿ ನೋಡಿದೆ. ಮೆಷಿನ್ನಿನ ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇತ್ತು. ನನ್ನ ಹೆಬ್ಬೆರಳು ಫೋಟೋ ಒತ್ತುತ್ತಲೇ ಇತ್ತು. ಆಮೇಲೆ ಎಣಿಸಿದೆ, ಹನ್ನೊಂದು ಫೋಟೋ. ಮೆಷಿನ್ ನಿಲ್ಲಿಸಿದ್ದು ಅಧಿಕಾರಿ. ಈಗಲೂ ಗೋಡೆಯಲ್ಲಿ ಸ್ವಿಚ್ಚು ಕಂಡರೆ ನನ್ನ ಕೈ ತಾನಾಗಿ ಮೇಲೇಳುತ್ತದೆ.

ನಾಲ್ಕು ಬೆರಳು ಹೋದವು. ಅವಳು ಆಸ್ಪತ್ರೆಯಿಂದ ಬಂದ ತಿಂಗಳಿಗೆ ಅದೇ ಅಧಿಕಾರಿಯ ಫೋನು ಬಂತು. ಹಿಂದಿನ ಫೋಟೋಗಳನ್ನು ಕಳಿಸುವಂತಿಲ್ಲ, ಇನ್ನೊಂದು ಬೇಕು. "ಮೇಡಂಗೆ ಕೈ ಹಿಂದಿಟ್ಕೊಳ್ಳೋಕೆ ಹೇಳಿ. ಮೇಲಿನವ್ರು ಸುಮ್ನೆ ಪ್ರಶ್ನೆ ಹಾಕ್ತಾರೆ."

ಜಾಲರಿಯನ್ನು ಮತ್ತೆ ಬಿಚ್ಚಿದೆ. ಓಡುವ ಮೆಷಿನ್ನಿನ ಪಕ್ಕ ಅವಳು ಮತ್ತೆ ನಿಂತಳು. ಒಂದು ಕೈಯನ್ನು ಸ್ವಿಚ್ಚಿನ ಮೇಲಿಟ್ಟುಕೊಂಡೇ ಫೋಟೋ ತೆಗೆದೆ. ಒಪ್ಪಿಗೆಯಾಯಿತು.

ಮಿಲ್ಲಿನ ಬಾಗಿಲು ಮತ್ತೆ ತೆರೆದ ದಿನ ಬಂದದ್ದು ಒಬ್ಬ ಹೆಂಗಸು, ಹಳೆಯ ಗಿರಾಕಿ. ಚೀಲವನ್ನು ಕೆಳಗಿಡದೆ ಕೇಳಿದಳು: "ಅದೇ ಮಿಷಿನ್ನೇನವ್ವಾ?"

"ಊಂ ಅತ್ತೆ. ಬಿಚ್ಚಿ ತೊಳ್ದಿದ್ದೀವಿ," ಎಂದಳು ಗೆಳತಿ.

"ನೀ ತೊಳ್ದಿರ್ತೀಯ ಬುಡು. ಮನೇಲಿ ಮಕ್ಳು ತಿನ್ನೋದು ಕಣವ್ವಾ." ಚೀಲವನ್ನು ಸೊಂಟಕ್ಕೇರಿಸಿ ಬಸ್ ಸ್ಟ್ಯಾಂಡಿನ ಮಿಲ್ಲಿನ ಕಡೆ ಹೋದಳು. ಆಮೇಲೆ ವಾರಗಟ್ಟಲೆ ಯಾರೂ ಬರಲಿಲ್ಲ.

"ಮುಚ್ಬುಡ್ಲಾ?" ಎಂದಳು ಗೆಳತಿ.

"ಮೂರು ವರ್ಷ ನಡೆಸ್ಲೇಬೇಕು ಕಣೇ. ಸಹಾಯಧನದ ಷರತ್ತಿಗೆ ನೀನೇ ಸಹಿ ಹಾಕಿದ್ದೀಯ."

ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಎದ್ದುಹೋಗಿ, ಅರ್ಧ ತೆರೆದಿದ್ದ ಷಟರನ್ನು ಎಡಗೈಯಲ್ಲಿ ಪೂರ್ತಿ ಮೇಲಕ್ಕೆ ತಳ್ಳಿದಳು.