ಸಾವಕಾರ ಕಾಕಾನ ಬೆಳಗಿನ ತೂಕ

ಗೆಳೆಯರೇ, ತಾಂಡೂರಿನ ಒಬ್ಬ ತೊಗರಿ ವ್ಯಾಪಾರಿ ಇವತ್ತು ಒಂದೇ ರಾತ್ರಿಯಲ್ಲಿ ಒಂದು ಕಿಲೋ ಇಳಿದುಬಿಟ್ಟರು. ಹೆಸರು ಬೇಡ, ಸಾವಕಾರ ಕಾಕಾ ಅನ್ನೋಣ.

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹೃದಯ ವೈಫಲ್ಯದ ರೋಗಿಗಳ ಮಾಹಿತಿಯನ್ನು ಸಂಶೋಧನೆಗಾಗಿ ಒಂದೆಡೆ ಕೂಡಿಸುವುದು ನನ್ನ ಕೆಲಸ. ಮೈಯಲ್ಲಿ ನೀರು ತುಂಬಿದರೆ ತೂಕ ಏರುತ್ತದೆ; ಅದಕ್ಕೇ ಅವರೆಲ್ಲ ದಿನಾ ತೂಕ ನೋಡಿ ಮೊಬೈಲಿನಲ್ಲಿ ಕಳಿಸುತ್ತಾರೆ. ಕಾಕಾನ ತೂಕ ಇಳಿದದ್ದು ಕಂಡು, ನೀರಿಳಿಸುವ ಮಾತ್ರೆ ಕಡಿಮೆ ಮಾಡೋಣ ಎಂದರು ಡಾಕ್ಟರು. ನನಗೆ ಅನುಮಾನ. ಫೋನ್ ಮಾಡಿದೆ.

"ಇವತ್ತು ತೂಕ ಯಾರು ನೋಡ್ಯಾರ್ರಿ ಕಾಕಾ?"

"ದಿನಾ ನಿಮ್ಮ ಕಾಕು ನೋಡತಿದ್ಳು. ಆಕಿ ತವರಿಗಿ ಹೋಗ್ಯಾಳ. ನಾನೇ ನೋಡೀನವ್ವಾ, ಎರಡು ಕಿಲೋ ಕಳದು ಕಳಿಸೀನಿ."

"ಯಾಕ್ ಕಳದ್ರಿ?"

"ಧೋತ್ರ, ಅಂಗಿ, ಕೊರಳಾಗಿನ ಲಿಂಗದ ಕರಡಗಿ ಅದಾವಲ್ಲ. ತೊಗರಿ ತೂಗಿದ್ರ ಚೀಲದ್ದು, ಮಣ್ಣಿಂದು ಕಳಿಯಂಗಿಲ್ಲೇನು? ಹಂಗ."

"ಕಾಲು ಹೆಂಗದಾವ್ರಿ?"

"ಬಾತಾವ. ಚಪ್ಪಲಿ ಹಿಡಸವಲ್ವು."

ಕಾಕು ಏನೂ ಕಳೆಯದೆ ತೂಕದ ಕಾಟಾ ತೋರಿಸಿದ್ದನ್ನೇ ಕಳಿಸುತ್ತಿದ್ದರು. ಅಂದರೆ ಇಳಿದದ್ದಲ್ಲ, ಒಂದು ಕಿಲೋ ಏರಿತ್ತು. ಡಾಕ್ಟರಿಗೆ ತಿಳಿಸಿದೆ; ತಕ್ಷಣ ಆಸ್ಪತ್ರೆಗೆ ಬರಹೇಳಿದರು. ಇನ್ನು ಮುಂದೆ ಏನೂ ಕಳೆಯಬೇಡಿ, ಕಾಟಾ ತೋರಿಸಿದಷ್ಟೇ ಕಳಿಸಿ ಎಂದು ಕಾಕಾನಿಗೆ ಹೇಳಿದೆ.

ಕಾಕಾ ದನಿ ತಗ್ಗಿಸಿದರು.

"ಆತವ್ವಾ. ಆದ್ರ ಈ ಮಾತು ಮಾರ್ಕೆಟ್‌ನಾಗ ಹೇಳಬ್ಯಾಡ. ನಾಳಿಂದ ರೈತರೂ ಹಂಗೇ ಅಂತಾರ."

ಮಾರ್ಕೆಟ್‌ನಲ್ಲಿ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೇ.