ತಲೆಗೊಂದು ಗೆರೆ
ದೇಹೂ ರೋಡಿನ ಆಚೆ, ಸೈನಿಕರನ್ನು ಹೊತ್ತು ನೀರಿನಲ್ಲೂ ತೇಲುವ ಎಂಟು ಗಾಲಿಯ ಉಕ್ಕಿನ ಗಾಡಿಗಳನ್ನು ಪರೀಕ್ಷಿಸುವ ಹೊಂಡದ ದಡವೇ ಶಿವರುದ್ರಪ್ಪನವರ ಕಚೇರಿ. ಗಾಡಿಯ ಮೈಮೇಲೆ ತಲೆಗೊಂದರಂತೆ ಸೀಮೆಸುಣ್ಣದ ಗೆರೆ ಎಳೆದು, ನೀರು ಯಾವ ಗೆರೆಗೆ ಏರಿತೆಂದು ನೋಡಿಯೇ ಒಳಗೆ ಎಷ್ಟು ಜನರಿದ್ದಾರೆಂದು ಹೇಳಿಬಿಡುತ್ತಾರೆ. ರಸ್ತೆಯಲ್ಲಿ ರಿಕ್ಷಾ ಹೋದರೂ ಅದೇ ಚಟ: “ಐದ ಮಂದಿ ಅದಾರ್ರಿ, ಒಬ್ಬಾಂವ ಮಲಗ್ಯಾನ.” ಹೋದ ವರ್ಷ ಡ್ರೈವರ್ ಚನ್ನವೀರ ಅವರಿಗೆ “ಬರ್ತೀನ್ರಿ ಕಾಕಾ” ಎಂದು ನೀರಿಗಿಳಿಸಿದ ಗಾಡಿ ಮುಳುಗಿತು, ಅವನು ಬರಲಿಲ್ಲ. ಅಂದಿನಿಂದ ಯಾವ ಖಾಲಿ ಗಾಡಿಯನ್ನು ಹಗ್ಗ ಕಟ್ಟಿ ತೇಲಿಬಿಟ್ಟರೂ ನೀರು ಒಬ್ಬ ಮನುಷ್ಯನ ಗೆರೆಗೇ ಬಂದು ನಿಲ್ಲುತ್ತದೆ. ಹೊಂಡದ ಕೆಲಸದವರಾದ ನಾವೆಲ್ಲ ನೋಡಿದ್ದೇವೆ, ವರದಿಯಲ್ಲಿ ‘ಖಾಲಿ’ ಎಂದೇ ಬರೆಯುತ್ತೇವೆ. ಶಿವರುದ್ರಪ್ಪನವರು ಮಾತ್ರ ಗಾಡಿಯನ್ನು ದಡಕ್ಕೆ ಎಳೆಸಿ, ಹಿಂಬಾಗಿಲು ತೆರೆದು, ಒಳಗಿನ ಕತ್ತಲೆಗೆ ಹೇಳುತ್ತಾರೆ: “ಬರ್ತೀನಿ ಅಂದಿದ್ದಿಯಲ್ಲೋ, ಬಾರಪಾ.”