ಹರಕೆ ಹುಂಜದ ಕಾಲು

ಮಗಳಿಗೆ ಮೂರು ವರ್ಷ ಇದ್ದಾಗ ಜ್ವರ ಬಂದು ಇಳಿಯಲೇ ಇಲ್ಲ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಆಗ ಒಂದೇ ಮನೆಗೆ ಟೀವಿ ಬಂದಿತ್ತು, ಅಷ್ಟು ಹಿಂದಿನ ಮಾತು. ಕೂಸನ್ನು ರಾಣೆಬೆನ್ನೂರಿಗೆ ಒಯ್ದು ಸೂಜಿ ಮಾಡಿಸಿಕೊಂಡು ಬಂದೆವು. ಅದೇ ಸಂಜೆ ನನ್ನ ಅತ್ತೆ ಬುಟ್ಟಿಯಡಿಯಿಂದ ಒಂದು ಹುಂಜದ ಮರಿ ಹಿಡಿದು, ಕೂಸಿನ ಸುತ್ತ ನಿವಾಳಿಸಿ, ಅದರ ಕಾಲಿಗೆ ಕೆಂಪು ದಾರ ಕಟ್ಟಿದಳು. ಕೂಸು ಉಳಿದರೆ ಇದೇ ಹುಂಜವನ್ನು ದುರಗವ್ವನಿಗೆ ಕೊಡುತ್ತೇನೆ ಅಂತ ಬೇಡಿಕೊಂಡಳು. ಜ್ವರ ಇಳಿಯಿತು. ಸೂಜಿಯಿಂದಲೋ ದಾರದಿಂದಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅಂಜಿಕೆ.

ಮರಿ ಬೆಳೆಯಿತು, ದಾರ ಬೆಳೆಯಲಿಲ್ಲ. ನಾನು ಮುಂಜಾನೆ ಮೆಣಸಿನಕಾಯಿ ತೊಟ್ಟು ಮುರಿಯಲು ಹೋದರೆ ಮನೆ ಮುಟ್ಟುವಷ್ಟರಲ್ಲಿ ಸಂಜೆ. ಕೋಳಿ ಕಡೆ ನೋಡುವವರು ಯಾರು? ಒಂದಿನ ಕಾಳು ಚೆಲ್ಲಿದಾಗ ಎಲ್ಲವೂ ಓಡಿ ಬಂದವು, ಅದೊಂದು ಗೋಡೆ ಹಿಡಿದು ಕೂತಿತ್ತು. ಎತ್ತಿ ನೋಡಿದೆ. ದಾರ ಮಾಂಸದೊಳಗೆ ಹೂತು ಹೋಗಿತ್ತು. ಪಾದ ಬಾತು ಕಪ್ಪಾಗಿ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

ಅತ್ತೆಗೆ ತೋರಿಸಿದೆ. ಅವಳು ಹುಂಜವನ್ನು ನೋಡಲಿಲ್ಲ, ಮಗಳ ಕಾಲು ನೋಡಿದಳು.

"ಕುಂಟ ಹುಂಜ ದುರಗವ್ವ ಮುಟ್ಟಂಗಿಲ್ಲ. ಬ್ಯಾರೇದು ಕೊಟ್ರ ಮಾತು ತಪ್ಪಿದಂಗ ಅಕ್ಕೈತಿ. ದಾರಕ್ಕ ಕೈ ಹಚ್ಚಬ್ಯಾಡ."

ಹುಂಜದ ಕಾಲಿನ ಕೇಡು ಮಗಳ ಕಾಲಿಗೆ ಬಂದೀತು ಅಂತ ಕಾಯುವುದೇ ಅಲ್ಲಿಂದ ನಮ್ಮಿಬ್ಬರಿಗೂ ಕೆಲಸ. ಮಗಳು ಎಡವಿದರೆ ಓಡಿ ಹೋಗಿ ಕಾಲು ಹಿಡಿದು ನೋಡುತ್ತಿದ್ದೆವು. ಕಾಲು ಎಳೆದಳೇ? ಬೇಕೆಂದೇ ಕುಂಟಿದಳೇ? ಕೂಸು ಆಡುವುದೂ ನಮಗೆ ಅಪಶಕುನವಾಯಿತು.

ಪಕ್ಕದ ಮನೆಯ ಮುಸ್ಲಿಂ ಅಕ್ಕನ ಮನೆಯಲ್ಲಿ ನಮಗಿಂತ ಹೆಚ್ಚು ಕೋಳಿ ಇದ್ದವು. ಅತ್ತೆ ಇಲ್ಲದ ಹೊತ್ತು ನೋಡಿ ಹುಂಜವನ್ನು ಸೆರಗಿನಲ್ಲಿ ಒಯ್ದೆ. ಅವಳು ಕಾಲು ಹಿಚುಕಿ ನೋಡಿದಳು.

"ಕಾಲಾಗ ರಕ್ತ ಓಡವಲ್ದು ತಂಗಿ. ದಾರ ಕಡದ್ರ ಉಳದೀತು. ಇಲ್ಲಂದ್ರ ಪಾದ ಉದುರತೈತಿ."

ನೀನೇ ಕಡಿ ಅಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ನಿಮ್ಮ ದೇವರಿಗೆ ಕಟ್ಟಿದ್ದು ನಾ ಮುಟ್ಟೂದಿಲ್ಲವಾ. ಕತ್ರಿ ಕೊಡತೇನಿ, ನೀನ ಕಡಿ."

ನನ್ನದು ಮೆಣಸಿನಕಾಯಿ ಕೈ. ಹಸಿ ಗಾಯಕ್ಕೆ ಸೋಕಿದರೆ ಅದರ ಜೀವ ಹೋದೀತು ಅಂತ ಎಣ್ಣೆ ತಿಕ್ಕಿ, ಬೂದಿ ತಿಕ್ಕಿ, ಮತ್ತೆ ತೊಳೆದೆ. ಕತ್ತರಿ ಹಾಕುವಾಗ ತುದಿ ಹುಂಜಕ್ಕೂ ಚುಚ್ಚಿತು. ದಾರ ಕೀವಿನ ಸಮೇತ ಬಂತು. ಅರಿಶಿಣ ಎಣ್ಣೆ ಹಚ್ಚಿ, ಬೆಂಕಿಪೆಟ್ಟಿಗೆಯ ರಟ್ಟಿನ ಮೇಲೆ ಬೆರಳು ಬಿಡಿಸಿ ಇಟ್ಟು, ಅರಿವೆಯಿಂದ ಸಡಿಲಾಗಿ ಕಟ್ಟಿದೆವು. ದಾರ ತಂದು ದೇವರ ಮುಂದೆ ಇಟ್ಟೆ.

ಅತ್ತೆ ನೋಡಿದಳು. ಬೈಯಲಿಲ್ಲ. "ಕೂಸಿಗೆ ಏನರ ಆದ್ರ ನಿನ್ನ ತಲಿ ಮ್ಯಾಲ," ಅಂದು ಒಳಗೆ ಹೋದಳು. ಬೈದಿದ್ದರೆ ಚಲೋ ಇತ್ತು.

ಮರುದಿನ ಮುಂಜಾನೆ ಮಗಳ ಮೈ ಬೆಚ್ಚಗಿತ್ತು. ಕೆಲಸಕ್ಕೆ ಹೋಗಲಿಲ್ಲ. ಒಂದು ಕೈ ಅವಳ ಹಣೆ ಮೇಲೆ, ಮಗ್ಗುಲಲ್ಲಿ ಬುಟ್ಟಿಯೊಳಗೆ ಹುಂಜ. ಆ ಹೊಲಸು ದಾರವನ್ನು ಮತ್ತೆ ಕಟ್ಟಿಬಿಡಲೇ ಅಂತ ಎದ್ದು ಕೈಗೆ ತೆಗೆದುಕೊಂಡೂ ಆಗಿತ್ತು. ಅಷ್ಟರಲ್ಲಿ ಮಗಳು ಬೆವರಿ ಎದ್ದು ರೊಟ್ಟಿ ಕೇಳಿದಳು.

ಆಮೇಲೆ ಹುಂಜಕ್ಕೆ ಕೈಯಾರೆ ಜೋಳದ ನುಚ್ಚು ತಿನ್ನಿಸಿದೆ, ಅರಿವೆ ಬದಲಿಸಿದೆ, ನನ್ನ ಎರಡು ಪಾದದ ನಡುವೆ ನಿಲ್ಲಿಸಿ ನಡಿಗೆ ಕಲಿಸಿದೆ. ಮುದ್ದು ಬಂದು ಅಲ್ಲ. ಕೊಯ್ಯಲಿಕ್ಕೆಂದೇ ಉಳಿಸುತ್ತಿದ್ದೆ. ಅದು ಸತ್ತರೆ ಮಗಳಿಗೆ ಬದಲು ಕೊಡಲು ಏನಿತ್ತು? ಒಂದು ಬೆರಳು ಒಣಗಿ ಬಿತ್ತು. ಉಳಿದ ಕಾಲು ಉಳಿಯಿತು, ಕುಂಟು ಹೋಗಲಿಲ್ಲ.

ದುರಗವ್ವನ ದಿನ ಬಂತು. ಗುಡಿ ಮುಂದೆ ಹುಂಜದ ತಲೆಗೆ ನೀರು ಚಿಮುಕಿಸುತ್ತಾರೆ. ಮೈ ಜಾಡಿಸಿದರೆ ದೇವಿ ಒಪ್ಪಿದಳು. ಇಲ್ಲವಾದರೆ ತಿರುಗಿ ಮನೆಗೆ. ಪೂಜಾರಿ ನೀರು ಹಾಕಿದ. ಹುಂಜ ಒಳ್ಳೆ ಕಾಲಿನ ಮೇಲೆ ಭಾರ ಬಿಟ್ಟು ಸುಮ್ಮನೆ ನಿಂತಿತು. ಮತ್ತೆ ಹಾಕಿದ. ಕದಲಲಿಲ್ಲ. ನಾನು ಮಗಳನ್ನು ಎಷ್ಟು ಬಿಗಿ ಹಿಡಿದಿದ್ದೆನೋ, ನೋವಾಗಿ ಅತ್ತಳು.

ಅತ್ತೆ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದಳು.

"ಕುಂಟೈತಿ, ಖರೇ ಯವ್ವಾ. ತಪ್ಪು ನನ್ನ ದಾರದ್ದು, ಕೂಸಿಂದಲ್ಲ."

ಪೂಜಾರಿ ಇನ್ನೊಮ್ಮೆ ನೀರು ಚಿಮುಕಿಸಿದ. ಹುಂಜ ಪುಕ್ಕ ಎಬ್ಬಿಸಿ ಮೈ ಜಾಡಿಸಿತು, ಆಯ ತಪ್ಪಿ ಕುಂಟು ಕಾಲಿನ ಕಡೆ ವಾಲಿತು. ಪೂಜಾರಿ ತಡಮಾಡಲಿಲ್ಲ.

ಮನೆಯಲ್ಲಿ ಸ್ವಚ್ಛ ಮಾಡುವಾಗ ಕಾಲು ಕಡಿದೆ. ದಾರ ಕೂತ ಜಾಗದಲ್ಲಿ ಉಂಗುರದ ಹಾಗೆ ತಗ್ಗು ಇತ್ತು. ಅತ್ತೆ ಅದನ್ನು ನನ್ನ ಕೈಯಿಂದ ಕಸಿದು ತಿಪ್ಪೆಗೆ ಒಗೆದಳು. ಮುಂದೆ ಹರಕೆಯ ಮರಿ ಅಂದರೆ ರೆಕ್ಕೆಗೆ ಬಣ್ಣ ಹಚ್ಚುತ್ತಿದ್ದಳು, ದಾರ ಕಟ್ಟಲಿಲ್ಲ.

ಅವತ್ತು ಮಗಳು ಸಾರು ಉಂಡು ಅಂಗಳಕ್ಕೆ ಓಡಿದಳು. ನಾವಿಬ್ಬರೂ ಉಣ್ಣುವುದು ಬಿಟ್ಟು ಅವಳ ಕಾಲನ್ನೇ ನೋಡುತ್ತಾ ಕೂತೆವು.